ಬೈಯಲು ಬಾರದ ಕೋಚ್

ತೀರ್ಪು ಕೊಡಬೇಕಾದರೆ ವಿಷಯ ತಿಳಿದಿರಬೇಕು ಎನ್ನುವವರ ಗುಂಪಿಗೆ ಸೇರಿದವನಲ್ಲ ನಾನು. ತಿಳಿದವರು ಅನುಮಾನಿಸುತ್ತ ಕೂರುತ್ತಾರೆ. ತಿಳಿಯದ ನಾನು ಸರಾಗವಾಗಿ ಹೇಳಿಬಿಡುತ್ತೇನೆ. ವೃತ್ತಿಯಿಂದ ಮೂಳೆ ಡಾಕ್ಟರು. ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ಮೊಣಕಾಲಿನಿಂದ ಕೆಳಗಿನದು, ಅದೂ ಮುರಿದ ಮೇಲಿನದು. ಆದರೂ ತೊಂಬತ್ತರ ದಶಕದ ಕೊನೆಯಲ್ಲಿ, ಲಂಡನ್ನಿನ ಅಂಚಿನ ಸ್ಟ್ಯಾನ್ಮೋರಿನ ನಮ್ಮ ಮನೆಗೆ ಮಗಳು ಅನಘಾಳ ಕಾಲೇಜಿನಿಂದ ಒಂದು ಫಾರ್ಮ್ ಬಂದಾಗ ಕೂಡಲೇ ಪೆನ್ನು ಹುಡುಕಿದೆ. ಹುಡುಗಿಯರ ಫುಟ್‌ಬಾಲ್ ತಂಡದ ಹೊಸ ಕೋಚ್ ಹೇಗಿದ್ದಾರೆ, ಅವರನ್ನು ಮುಂದುವರಿಸಬಹುದೇ ಎಂದು ತಂದೆತಾಯಿಗಳನ್ನು ಕೇಳಿದ್ದರು.

ಹೊಸಬರ ಗ್ರಹಚಾರ, ಅವರಿಗಿಂತ ಮೊದಲು ಅಲ್ಲಿದ್ದವರು ಮಿಸ್ಟರ್ ಪ್ರಿಚರ್ಡ್. ಅವರು ಗೆದ್ದುಕೊಟ್ಟ ಕಪ್ಪುಗಳಿಗೆ ಕಾಲೇಜಿನ ಗಾಜಿನ ಬೀರುವಿನಲ್ಲಿ ಜಾಗ ಸಾಲದೆ ಕೆಲವನ್ನು ಪ್ರಿನ್ಸಿಪಾಲರ ಕೋಣೆಯಲ್ಲಿಟ್ಟಿದ್ದರು. ನಾನು ಮೆಚ್ಚಿದ್ದು ಮಾತ್ರ ಅವರ ಗಂಟಲನ್ನು. ಅವರು ಮೈದಾನದಲ್ಲಿ ಬೈದರೆ ನಮ್ಮೂರಿಂದ ಹೊರಡುವ ಜುಬಿಲಿ ಲೈನ್ ರೈಲಿನ ಇನ್ನೊಂದು ತುದಿಯ ಸ್ಟೇಷನ್ನಿನಲ್ಲಿ ನಿಂತವರೂ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಧಾರವಾಡದಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರರು ನನ್ನ ಹೆಸರು ಹಿಡಿದು ಕರೆದದ್ದು ಹಾಜರಿ ಹಾಕುವಾಗ ಮಾತ್ರ. ಉಳಿದ ಹೊತ್ತೆಲ್ಲ ನಾನು ಕತ್ತೆ. ಅಂಥವರ ಕೈಯಲ್ಲಿ ಕಲಿತವನಿಗೆ, ಬೈಯದೆ ಕಲಿಸುವವರು ಅರ್ಧ ಪಾಠವನ್ನು ಮನೆಯಲ್ಲೇ ಬಿಟ್ಟು ಬಂದಂತೆ ಕಾಣುತ್ತಾರೆ.

ಹೊಸ ಕೋಚ್ ಮಿಸ್ ಕಾರ್ಟರ್ ಬೈಯುತ್ತಿರಲಿಲ್ಲ. ತಪ್ಪು ಮಾಡಿದ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳುತ್ತಿದ್ದರು. ಸಾಲಾಗಿ ಮೂರು ಪಂದ್ಯ ಸೋತೂ ಆಗಿತ್ತು. "ಶೀ ಈಸ್ ರಿಯಲಿ ಗುಡ್, ಡ್ಯಾಡ್. ಪ್ಲೀಸ್ ಡೋಂಟ್ ರೈಟ್ ರಬಿಶ್," ಎಂದಳು ಅನಘಾ. ಮಿಸ್ ಕಾರ್ಟರ್ ಹೋದರೆ ತಾನೂ ಆಟ ಬಿಡುವುದಾಗಿ ಅಮ್ಮನ ಹತ್ತಿರ ಹೇಳಿದ್ದಳಂತೆ. ಪ್ರಿಚರ್ಡರ ಕಾಲದಲ್ಲಿ ಅವಳು ಬೆಂಚಿನಿಂದ ಎದ್ದದ್ದೇ ಕಡಿಮೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಫಾರ್ಮ್ ತುಂಬುವ ಮೊದಲು ಒಂದು ಅವಕಾಶ ಕೊಡೋಣವೆಂದು, ಶನಿವಾರ ಆಟಕ್ಕೆ ಮುಂಚೆ ಮಿಸ್ ಕಾರ್ಟರ್ ಹತ್ತಿರ ಹೋದೆ. ನಮ್ಮ ಮಕ್ಕಳು ಗದರಿಸಿಕೊಂಡೇ ಬೆಳೆದವರು, ನೀವು ಸ್ವಲ್ಪ ಗದರಬೇಕು ಎಂದು ಇಂಗ್ಲಿಷಿನಲ್ಲಿ ತಿಳಿಹೇಳಿದೆ. "ಯೋಚನೆ ಮಾಡುತ್ತೇನೆ, ಡಾಕ್ಟರ್," ಎಂದು ಆಕೆ ನಕ್ಕರು. ಹೀಗೆ ನಕ್ಕು ಹೇಳಿದರೆ ಆ ಕೆಲಸ ಆಗುವುದಿಲ್ಲ ಎಂಬುದನ್ನು ಈ ದೇಶದ ಆಸ್ಪತ್ರೆಗಳಲ್ಲಿ ಕಲಿತಿದ್ದೆ.

ಸರಿ, ಆಕೆ ಬೈಯದಿದ್ದರೆ ಬೇರೆ ಯಾರಾದರೂ ಬೈಯಬೇಕಲ್ಲ. ಆಟ ಶುರುವಾಯಿತು, ನಾನೂ ಶುರುಮಾಡಿದೆ. "ಎಡಕ್ಕ ಓಡವಾ! ಕಣ್ಣ ಎಲ್ಲಿ ಇಟ್ಟೀ?" ಎನ್ನುತ್ತ ಬಿಳಿ ಗೆರೆಯ ಪಕ್ಕದಲ್ಲಿ ನಾನೂ ಓಡಿದೆ. ಯಾವಾಗ ಗೆರೆ ದಾಟಿದೆನೋ ಗೊತ್ತಾಗಲಿಲ್ಲ. ಚೆಂಡಿನೊಂದಿಗೆ ಗೋಲಿನತ್ತ ಹೊರಟಿದ್ದ ಅನಘಾ ನನ್ನ ದನಿಗೆ ತಿರುಗಿ ನೋಡಿದಳು. ಅಷ್ಟರಲ್ಲಿ ಎದುರಿನವರು ಚೆಂಡು ಕಸಿದುಕೊಂಡು ಹೋಗಿಯಾಗಿತ್ತು.

"ಡಾಕ್ಟರ್! ಗೆರೆಯ ಹಿಂದಕ್ಕೆ ಹೋಗಿ! ಬಾಯಿ ಮುಚ್ಚಿಕೊಂಡಿರಿ!"

ಪ್ರಿಚರ್ಡರೂ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಹಿಂದಕ್ಕೆ ಸರಿದೆ, ಕೈಕಟ್ಟಿ ನಿಂತೆ, ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಮಿಸ್ ಕಾರ್ಟರ್‌ಗೆ "ಯೆಸ್ ಸರ್" ಎಂದೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ನನ್ನ ಹೆಂಡತಿ ಸುಧಾಗೆ ನೆತ್ತಿಗೇರಿತು. ಉಳಿದ ಆಟವೆಲ್ಲ ನಾನು ತುಟಿ ಬಿಚ್ಚಲಿಲ್ಲ. ಅನಘಾ ಒಂದು ಗೋಲು ಹೊಡೆದಳು. ಹೊಡೆದವಳು ನನ್ನ ಕಡೆ ನೋಡದೆ ಕೋಚ್ ಕಡೆ ನೋಡಿ ನಕ್ಕಳು. ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ಫಾರ್ಮ್ ತೆಗೆದು, ಇದ್ದ ಎಲ್ಲ ಸಾಲುಗಳಿಗೂ 'ಅತ್ಯುತ್ತಮ' ಎಂದು ಗುರುತು ಹಾಕಿದೆ. ಸುಧಾ ಹಿಂದಿನಿಂದ ಬಗ್ಗಿ ನೋಡಿದಳು.

"ಭಾಳ ಛಲೋ ಆತು. ಕೆಳಗ ಜಾಗಾ ಇದ್ದರ, ವಾರಕ್ಕ ಎರಡ ದಿನಾ ನಮ್ಮ ಮನೀಗೂ ಬಂದ್ ಹೋಗ್ತಾರೇನು ಕೇಳ್ರಿ."

ಕೆಳಗೆ ಅರ್ಧ ಪುಟ ಖಾಲಿ ಇತ್ತು. ಅದರ ಮೇಲೆ ಅಂಗೈಯಿಟ್ಟು, ಜಾಗವಿಲ್ಲ ಎಂದೆ.