ಸಾಲವಿಲ್ಲದವನ ಸ್ಕೋರು

ಸಾಲ ಮಾಡದೆ ಬದುಕಿದವನಿಗೆ ಒಂದು ಬಗೆಯ ಕೊಬ್ಬು ಇರುತ್ತದೆ. ನನಗೂ ಇತ್ತು. ಮದುವೆ ಮನೆಯ ಪಂಕ್ತಿಯಲ್ಲಾಗಲಿ, ಕ್ಷೌರದ ಅಂಗಡಿಯಲ್ಲಾಗಲಿ, ಯಾರಾದರೂ ಬಡ್ಡಿಯ ಮಾತೆತ್ತಿದರೆ ಸಾಕು, ‘ನಾನು ಇವತ್ತಿನವರೆಗೆ ಒಬ್ಬರ ಹತ್ತಿರ ಒಂದು ರೂಪಾಯಿ ಸಾಲ ಮಾಡಿಲ್ಲ ಕಣ್ರೀ’ ಎಂದು ಶುರುಮಾಡಿಬಿಡುತ್ತಿದ್ದೆ. ಕತ್ರಿಗುಪ್ಪೆಯಲ್ಲಿ ನಮ್ಮಪ್ಪ ಸೊಪ್ಪು ಬೆಳೆಯುತ್ತಿದ್ದ ನೆಲದಲ್ಲೇ ನಾಲ್ಕು ಅಂತಸ್ತಿನ ಮನೆ ಎಬ್ಬಿಸಿದ್ದೇನೆ. ಅದೂ ಪಕ್ಕದ ತುಂಡು ಜಾಗ ಮಾರಿದ ದುಡ್ಡಿನಲ್ಲಿ. ಕೆಳಗಿನ ಮೂರು ಮನೆ ಬಾಡಿಗೆಗೆ, ಎಲ್ಲಕ್ಕಿಂತ ಮೇಲೆ ನಾವು. ಕೆಳಗಿನ ಮನೆಗೆ ಬಾಡಿಗೆ ಜಾಸ್ತಿ ಬರುತ್ತದೆ, ಮೇಲಿನ ಮನೆಗೆ ಗಾಳಿ ಜಾಸ್ತಿ ಬರುತ್ತದೆ. ದುಡ್ಡು ಬಾಡಿಗೆಯವರು ಕೊಡಲಿ, ಗಾಳಿ ನಾವು ಕುಡಿಯೋಣ ಎಂಬುದು ನನ್ನ ಲೆಕ್ಕ.

ಈ ಲೆಕ್ಕದಲ್ಲಿ ನನ್ನ ಹೆಂಡತಿ ಜಯಮ್ಮನ ಮಂಡಿಯನ್ನು ನಾನು ಸೇರಿಸಿರಲಿಲ್ಲ. ಮೊದಮೊದಲು ಮಹಡಿಗೊಮ್ಮೆ ನಿಂತು ಉಸಿರು ಬಿಡುತ್ತಿದ್ದವಳು, ಆಮೇಲೆ ಕೆಳಗಿಳಿಯುವುದನ್ನೇ ಬಿಟ್ಟಳು. ಸೊಪ್ಪಿನವಳಿಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ವ್ಯಾಪಾರ. ವಿಲ್ಸನ್ ಗಾರ್ಡನ್ನಿನಲ್ಲಿ ಅವಳ ಅಕ್ಕನ ಮೊಮ್ಮಗಳ ನಾಮಕರಣಕ್ಕೂ ಹೋಗಲಿಲ್ಲ. ಫೋನಿನಲ್ಲೇ ಮಗುವನ್ನು ಹರಸಿ, ಫೋನಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಲಿಫ್ಟ್ ಹಾಕಿಸ್ತೀನಿ ಬಿಡು’ ಎಂದೆ. ಲಿಫ್ಟಿನವನು ಬಂದು, ಅಳತೆ ತೆಗೆದು, ಒಂದು ಮೊತ್ತ ಹೇಳಿದ. ಅದನ್ನು ಕೇಳಿ ನನ್ನ ಮಂಡಿಯೂ ನೋಯತೊಡಗಿತು. ಇದ್ದಬದ್ದ ದುಡ್ಡೆಲ್ಲ ಮಗಳ ಮದುವೆಗೆ ಕರಗಿತ್ತು. ಹಾಗಾಗಿ ಜೀವನದಲ್ಲಿ ಮೊದಲ ಸಲ ಸಾಲ ಕೇಳಲು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬ್ಯಾಂಕಿಗೆ ಹೋದೆ.

ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, ನನ್ನನ್ನು ನೋಡಿ, ಮತ್ತೆ ಕಂಪ್ಯೂಟರ್ ನೋಡಿದಳು.

‘ಸಾರ್, ನಿಮ್ಮ ಸ್ಕೋರ್ ಮೈನಸ್ ಒಂದು ಅಂತ ತೋರಿಸ್ತಿದೆ.’

ಶಾಲೆಯಲ್ಲಿ ಲೆಕ್ಕದಲ್ಲಿ ಸೊನ್ನೆ ತೆಗೆದಿದ್ದೆ ನಿಜ. ಅದಕ್ಕಿಂತ ಕೆಳಗೆ ನನ್ನನ್ನು ಯಾವ ಮೇಷ್ಟ್ರೂ ಇಳಿಸಿರಲಿಲ್ಲ. ‘ಅದ್ಯಾವ ಸ್ಕೋರಮ್ಮ?’ ಎಂದೆ.

‘ಸಾಲ ತಗೊಂಡ್ರೆ ಸರಿಯಾಗಿ ತೀರಿಸ್ತೀರಾ ಇಲ್ವಾ ಅಂತ ಗೊತ್ತಾಗೋಕೆ ಒಂದು ನಂಬರ್ ಇರುತ್ತೆ ಸಾರ್. ನಿಮಗೆ ಆ ಹಿಸ್ಟರಿನೇ ಇಲ್ಲ.’

‘ನಾನು ಸಾಲಾನೇ ಮಾಡಿಲ್ವಲ್ಲಮ್ಮ!’

‘ಅದೇ ಪ್ರಾಬ್ಲಮ್ಮು ಸಾರ್. ಮೊದ್ಲು ಯಾವುದಾದ್ರೂ ಸಾಲ ಮಾಡಿ ತೀರಿಸಿರ್ಬೇಕು.’

‘ಆ ಮೊದಲನೇ ಸಾಲ ಯಾರು ಕೊಡ್ತಾರೆ?’

ಅವಳು ನನ್ನ ಹಿಂದೆ ನಿಂತಿದ್ದವರ ಸಾಲನ್ನು ನೋಡಿದಳು. ‘ಆನ್‌ಲೈನಲ್ಲಿ ನೀವೇ ಒಂದ್ಸಲ ಚೆಕ್ ಮಾಡ್ಕೊಳಿ ಸಾರ್’ ಎಂದು ಮೃದುವಾಗಿ ಕಳಿಸಿಕೊಟ್ಟಳು.

ಚೆಕ್ ಮಾಡಿಕೊಡಲು ಸಿಕ್ಕವನು ನೆಲಮಹಡಿಯ ಬಾಡಿಗೆದಾರ ಶಿವಾನಂದ. ಗದಗಿನ ಕಡೆಯವನು, ಔಷಧಿ ಕಂಪನಿಯ ರೆಪ್. ಅವನ ಬೈಕು ಕಂತಿನದು, ಫ್ರಿಜ್ಜು ಕಂತಿನದು, ಮಲಗುವ ಮಂಚವೂ ಕಂತಿನದು. ಮನೆ ಕೊಡುವ ಮುಂಚೆ ಅವನನ್ನು ಕೂರಿಸಿಕೊಂಡು ಸಾಲ ಎಂಥ ಶೂಲ ಎಂದು ಒಂದು ಗಂಟೆ ಕೊರೆದಿದ್ದೆ. ಅವನು ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳದೆ, ತನ್ನ ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರು, ಹುಟ್ಟಿದ ತಾರೀಕು ತುಂಬಿಸಿದ. ಒಟಿಪಿ ಬಂತು, ಆದರೆ ಫೋನು ಮೇಲೆ ಜಯಮ್ಮನ ಹತ್ತಿರ. ನಾನು ಮೆಟ್ಟಿಲ ಬಳಿ ನಿಂತು ಕೂಗಿದೆ, ಅವಳು ಮೇಲಿನಿಂದ ಒಂದೊಂದೇ ಅಂಕಿ ಕೂಗಿದಳು. ಐದನೆಯದಕ್ಕೆ ಬರುವಷ್ಟರಲ್ಲಿ ಗಡುವು ಮುಗಿದಿತ್ತು. ಮೂರು ಸಲ ಹೀಗೇ ಆಯಿತು. ನಾಲ್ಕನೆಯ ಸಲ ನಡುಮಹಡಿಯ ಆಂಟಿಯೇ ಹೊರಗೆ ಬಂದು, ಮೇಲಿನಿಂದ ಕೇಳಿದ್ದನ್ನು ಕೆಳಕ್ಕೆ ದಾಟಿಸಿದರು. ಇಷ್ಟೆಲ್ಲ ಆಗಿ ಪರದೆಯ ಮೇಲೆ ಮೂಡಿದ್ದು: ನಿಮ್ಮ ಬಗ್ಗೆ ಯಾವ ದಾಖಲೆಯೂ ಇಲ್ಲ. ಅರವತ್ತೊಂದು ವರ್ಷ ಬದುಕಿದವನಿಗೆ!

‘ನಿಂದೆಷ್ಟಪ್ಪ?’ ಎಂದೆ, ತಡೆಯಲಾರದೆ.

‘ಒಂಬೈನೂರಕ್ಕ ಎಂಟುನೂರಾ ಹನ್ನೆರಡು ರೀ ಅಂಕಲ್’ ಎಂದ, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ.

ಮಾರನೆಯ ದಿನದಿಂದ ಫೋನುಗಳ ಸುರಿಮಳೆ. ನನ್ನ ನಂಬರು ಅದ್ಯಾರ್ಯಾರ ಕೈಗೆ ಹೋಯಿತೋ. ‘ಸಾರ್, ನಿಮಗೆ ಹತ್ತು ಲಕ್ಷ ಲೋನ್ ಅಪ್ರೂವ್ ಆಗಿದೆ’ ಎಂದಿತೊಂದು ದನಿ. ‘ಬೇಕಮ್ಮ, ತುಂಬಾ ಬೇಕು’ ಎಂದೆ. ಆಕೆಗೆ ಯಾರೂ ಹಾಗೆ ಹೇಳಿರಲಿಲ್ಲವೆಂದು ಕಾಣುತ್ತದೆ, ‘ನಿಜವಾಗ್ಲೂನಾ ಸಾರ್?’ ಎಂದಳು. ಪಾನ್ ನಂಬರ್ ಕೇಳಿದಳು, ಕೊಟ್ಟೆ. ‘ಒಂದ್ ನಿಮಿಷ ಸಾರ್’ ಎಂದಳು. ಆಮೇಲೆ ಫೋನು ಕಟ್ಟಾಯಿತು. ಲೋನಿನವರ ಫೋನನ್ನು ಜನ ಕಟ್ ಮಾಡುವುದು ಲೋಕಾರೂಢಿ. ಲೋನಿನವರೇ ಕಟ್ ಮಾಡಿದ್ದು ನನ್ನೊಬ್ಬನ ಫೋನನ್ನೇ ಇರಬೇಕು.

ಇದನ್ನೆಲ್ಲ ಸೋಫಾದಲ್ಲಿ ಕಾಲು ಚಾಚಿಕೊಂಡು ನೋಡುತ್ತಿದ್ದ ಜಯಮ್ಮ ಅವರೆಕಾಳು ಸುಲಿಯುತ್ತಲೇ ಕೇಳಿದಳು: ‘ರೀ, ನನ್ನ ಮೇಲಕ್ಕೆ ಹತ್ತಿಸೋಕೆ ಇಷ್ಟೊಂದು ಒದ್ದಾಡ್ತೀರಲ್ಲ, ಕೆಳಗಡೆ ಇಟ್ಕೊಳೋಕೆ ಎಷ್ಟು ಖರ್ಚಾಗುತ್ತೆ?’

ನಾಚಿಕೆಯಾಯಿತು. ಮನೆ ಅದಲುಬದಲು ಮಾಡಿಕೊಳ್ಳೋಣವೇ ಎಂದು ಅವತ್ತೇ ಶಿವಾನಂದನನ್ನು ಕೇಳಿದೆ. ‘ನನಗೇನು ತ್ರಾಸಿಲ್ಲ ಬಿಡ್ರಿ ಅಂಕಲ್, ಆಂಟಿಯವ್ರು ಕೆಳಗ ಇರ್ಲಿ’ ಎಂದ. ಲಿಫ್ಟಿಲ್ಲದ ಮೇಲಿನ ಮನೆಗೆ ಬಾಡಿಗೆ ಎರಡು ಸಾವಿರ ಕಡಿಮೆ ಎಂದು ನಾನು ಬಾಯಿ ತೆರೆಯುವ ಮುಂಚೆ ಜಯಮ್ಮನೇ ತೀರ್ಮಾನ ಕೊಟ್ಟಳು. ಬಾಡಿಗೆ ಇಳಿದ ಮೇಲೆ ಹತ್ತು ತಿಂಗಳ ಬಾಡಿಗೆಯಷ್ಟು ಪಡೆದ ಅಡ್ವಾನ್ಸೂ ಇಳಿಯಬೇಕಲ್ಲ? ಅವನಿಗೆ ಇಪ್ಪತ್ತು ಸಾವಿರ ವಾಪಸ್ ಕೊಡಬೇಕಾಯಿತು. ಆ ಅಡ್ವಾನ್ಸು ಎಂದೋ ತಾರಸಿಯ ಸೋರಿಕೆಗೆ ಹೋಗಿತ್ತು.

‘ಸ್ವಲ್ಪ ಟೈಮ್ ಕೊಡಪ್ಪ’ ಎಂದೆ. ಹಾಗೆಂದದ್ದು ನನ್ನ ಬಾಯಿಯೇ!

‘ಅವಸರೇನಿಲ್ರಿ. ತಿಂಗಳಿಗೆ ಎರಡು ಸಾವಿರದ್ಹಂಗ ಕಂತಿನ್ಯಾಗ ಕೊಡ್ರಿ.’

ಒಳಗೆ ಬಂದವನು ಜಯಮ್ಮನ ಮುಂದೆ ಗೊಣಗಿದೆ: ಈ ವಯಸ್ಸಿನಲ್ಲಿ ಸಾಲಗಾರನಾದೆನಲ್ಲ ಎಂದು. ‘ಈಗ ಹೊಸದಾಗಿ ಆಗೋದೇನು ಬಂತು?’ ಎಂದಳು ಅವಳು. ‘ಮೂರು ಮನೆಯವರ ಅಡ್ವಾನ್ಸ್ ತಗೊಂಡು ಖರ್ಚು ಮಾಡ್ಕೊಂಡು ಕೂತಿದೀರಿ. ಅದು ಸಾಲ ಅಲ್ದೆ ಇನ್ನೇನು ಪ್ರಸಾದಾನಾ?’

ಈಗ ಜಯಮ್ಮ ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಬೀದಿಯ ಸಮಾಚಾರವನ್ನೆಲ್ಲ ವಿಚಾರಿಸುತ್ತಾಳೆ, ಸೊಪ್ಪಿನವಳ ಜೊತೆ ಮುಖಾಮುಖಿ ಜಗಳವಾಡುತ್ತಾಳೆ. ಮುಖ ಕಳೆಗಟ್ಟಿದೆ. ನಾನು ಪ್ರತಿ ತಿಂಗಳು ಮೇಲೆ ಹೋಗಿ ಶಿವಾನಂದನಿಗೆ ಕಂತು ಕೊಟ್ಟು ಬರುತ್ತೇನೆ. ಬಾಡಿಗೆಯಲ್ಲೇ ಹಿಡಿದುಕೊಳ್ಳುತ್ತೇನೆ ಎಂದ, ನಾನು ಒಪ್ಪಲಿಲ್ಲ. ಸಾಲವನ್ನು ಸಾಲದ ಹಾಗೆಯೇ ತೀರಿಸಬೇಕು. ಮೂರನೆಯ ಕಂತು ಕೊಡುವಾಗ, ಇದನ್ನು ಸ್ಕೋರಿಗೆ ಸೇರಿಸಲು ಬರುತ್ತದೆಯೇ ಎಂದು ಕೇಳಿದೆ.

‘ಇಲ್ರಿ ಅಂಕಲ್, ಬರೂದಿಲ್ಲ’ ಎಂದು ನೋಟು ಎಣಿಸಿಕೊಂಡ. ಆಮೇಲೆ ಸಂಕೋಚದಿಂದ, ‘ಬಂದಿದ್ರೂ ಕಮ್ಮಿನ ಬರ್ತಿತ್ರಿ. ಹೋದ ತಿಂಗಳ ನೀವು ಎರಡು ದಿನ ಲೇಟ್ ಮಾಡೀರಿ’ ಎಂದ.

ಬಾಡಿಗೆ ಎರಡು ದಿನ ತಡವಾದಾಗ ಹಿಂದೆ ನಾನು ಅವನಿಗೆ ಹೇಳಿದ ಮಾತುಗಳು ಒಂದೊಂದಾಗಿ ನೆನಪಿಗೆ ಬಂದವು. ಅವನಿಗೂ ನೆನಪಾಗುವ ಮುಂಚೆ ಬಡಬಡನೆ ಮೆಟ್ಟಿಲಿಳಿದೆ.