ಅಮ್ಮನ ಮಂಚದ ಕೆಳಗೆ ಕೆಂಪು ಸೂಟ್‌ಕೇಸು

"ಇನ್ನು ಮುಂದೆ ನಾನು ಗಿರಾಕಿಗಳಿಗೆ ಕಾಯೋದಿಲ್ಲ. ಗಿರಾಕಿಗಳೇ ನನ್ನನ್ನ ಹುಡುಕ್ಕೊಂಡು ಬರ್ತಾರೆ!"

ಒಂದು ಭಾನುವಾರ ಬೆಳಿಗ್ಗೆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹೀಗೆಂದು ಘೋಷಿಸಿದೆ. ಕೈಯಲ್ಲಿ ಮೊಬೈಲು, ಮುಖದಲ್ಲಿ ಚಕ್ರವರ್ತಿಯ ಕಳೆ. ಹೆಂಡತಿ ದಿಂಬಿಗೆ ಕವರು ಹಾಕುತ್ತಿದ್ದಳು.

"ಎಲ್ಲಿಂದ ಬರ್ತಾರೆ?"

"ಇಂಟರ್‌ನೆಟ್ಟಿಂದ! ಬಲೆ ಬೀಸ್ತಿದ್ದೀನಿ ಕಣೇ. ಈ ಊರಲ್ಲಿ ಯಾರ ಬ್ಯಾಗಿನ ಜಿಪ್ಪು ಕಿತ್ತರೂ ಸೀದಾ ನನ್ನ ಬಲೆಗೇ ಬೀಳಬೇಕು!"

"ಮೊಬೈಲ್ ಅಂಗಡಿಯವರನ್ನ ಒಂದು ಮಾತು ಕೇಳಿ. ಬೀಸಿದ ಬಲೇಲಿ ನೀವೇ ಸಿಕ್ಕಿಹಾಕ್ಕೊಂಡೀರಿ."

"ಎಂತೆಂಥ ಜಿಪ್ಪು ಬಿಡಿಸಿದವನು ನಾನು. ಇದ್ಯಾವ ಲೆಕ್ಕ!"

ಬಾಯಲ್ಲಿ ಹೀಗೆಂದರೂ ನಿಜವಾದ ಸ್ಥಿತಿ ಬೇರೆಯೇ ಇತ್ತು. ನನ್ನದು ಬ್ಯಾಗು, ಸೂಟ್‌ಕೇಸು ರಿಪೇರಿಯ ಪುಟ್ಟ ಅಂಗಡಿ. ಬಸ್ಸುಗಳು ಹಿಂದಿನ ರಸ್ತೆಗೆ ತಿರುಗಿದ್ದೇ ತಿರುಗಿದ್ದು, ನಮ್ಮ ರಸ್ತೆಗೆ ಜನ ಬರುವುದೇ ನಿಂತುಹೋಗಿತ್ತು. ಹೀಗೇ ನಡೆದರೆ ಬಾಗಿಲು ಹಾಕಿ ಬೇರೆಯವರ ಕೈಕೆಳಗೆ ಕೆಲಸಕ್ಕೆ ಸೇರುವುದೇ ಗತಿ.

ಮನೆಯಲ್ಲಿ ಇನ್ನೊಂದು ಚಿಂತೆ, ಅಮ್ಮ. ಮಂಡಿ ಆಪರೇಷನ್ ಆದಮೇಲೆ ನಮ್ಮ ಜೊತೆಗೆ ಬಂದಿದ್ದಳು. ಮೊದಲಿದ್ದ ಬೀದಿಯಲ್ಲಿ ಯಾರ ಮನೆಯಲ್ಲಿ ಯಾರಿಗೆ ನೆಗಡಿ ಎನ್ನುವುದೂ ಅವಳಿಗೆ ಗೊತ್ತಿರುತ್ತಿತ್ತು. ಇಲ್ಲಿ ಎಲ್ಲರ ಬಾಗಿಲೂ ಮುಚ್ಚಿಯೇ ಇರುತ್ತದೆ. ನಾನು ಅಂಗಡಿಗೆ, ಹೆಂಡತಿ ಲೈಬ್ರರಿ ಕೆಲಸಕ್ಕೆ ಹೊರಟರೆ ಅಮ್ಮನಿಗೆ ಗೋಡೆಯೇ ಜೊತೆ.

"ಈ ಬೀದೀಲಿ ನಮ್ಮನೆ ಬಾಗಿಲು ಬಡಿಯೋದು ಗಾಳಿ ಒಂದೇ ಕಣೋ" ಎಂದಿದ್ದಳು ಒಮ್ಮೆ. ಆಮೇಲೆ ಅಷ್ಟನ್ನೂ ಹೇಳುವುದು ಬಿಟ್ಟಿದ್ದಳು.

ಇರಲಿ, ಬಲೆಯ ಕಥೆಗೆ ಬರುತ್ತೇನೆ. ಮ್ಯಾಪಿನಲ್ಲಿ ಅಂಗಡಿಯ ಹೆಸರು ಹಾಕಿದೆ, ನಂಬರು ಕೊಟ್ಟೆ, ಹೊಲಿಗೆ ಮಿಷನ್ನಿನ ಪಕ್ಕ ನಗುತ್ತಾ ನಿಂತ ನನ್ನ ಫೋಟೋ ಏರಿಸಿದೆ. 'ನೀವು ಈಗ ಇರುವ ಜಾಗವನ್ನೇ ಗುರುತು ಮಾಡಬೇಕೆ?' ಎಂದು ಮೊಬೈಲು ವಿನಯದಿಂದ ಕೇಳಿತು. ಮಾಲೀಕ ಇದ್ದಲ್ಲೇ ಅಂಗಡಿ ಎನ್ನುವ ಗತ್ತಿನಲ್ಲಿ, ಕೂತ ಮಂಚದಿಂದ ಏಳದೆ, 'ಹೌದು' ಒತ್ತಿದೆ!

ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಯಲ್ಲಿ ಕೂತೆ. ಒಂದು ನರಪಿಳ್ಳೆಯೂ ಬರಲಿಲ್ಲ. ಮಂಗಳವಾರವೂ ಇಲ್ಲ. ಮೊಬೈಲು ಮಾತ್ರ 'ನಿಮ್ಮ ಅಂಗಡಿಗೆ ಬಹಳ ಜನ ದಾರಿ ಹುಡುಕುತ್ತಿದ್ದಾರೆ, ಅಭಿನಂದನೆಗಳು!' ಎನ್ನುತ್ತಿತ್ತು. ದಾರಿ ಹುಡುಕಿದವರೆಲ್ಲ ದಾರಿಯಲ್ಲೇ ಕರಗಿಹೋದರೆ?

ಸಂಜೆ ಮನೆಗೆ ಬಂದರೂ ಕಣ್ಣು ಮೊಬೈಲಿನ ಮೇಲೇ.

"ಇವತ್ತು ಒಬ್ಬರು ಮೇಷ್ಟ್ರು ಬಂದಿದ್ರು ಕಣೋ" ಎಂದಳು ಅಮ್ಮ.

"ಹ್ಞೂಂ."

"ಪಾಪ, ಅವರ ಮಗಳು ಹೊರಡೋ ಹೊತ್ತಿಗೆ..."

"ಹ್ಞೂಂ ಅಮ್ಮ, ಹ್ಞೂಂ."

ಹೆಂಡತಿ ಅಡುಗೆಮನೆಯಿಂದ ಕೂಗಿದಳು: "ರೀ, ಹಾಲು ಯಾಕೋ ಸಾಲ್ತಾನೇ ಇಲ್ಲ! ಬೆಕ್ಕೇನಾದ್ರೂ ಸೇರ್ಕೊಂಡಿದೆಯಾ?"

ಬೆಕ್ಕಿಗೂ ಸೇರಿಸಿ ಒಂದು ಪ್ಯಾಕೆಟ್ ಹೆಚ್ಚಿಗೆ ತಂದೆ. ನಾನು ಅಷ್ಟು ಬುದ್ಧಿವಂತ!

ಆ ವಾರದ ಕೊನೆಗೆ ಫೋನು ಬಂತು.

"ಸಾರ್, ನನ್ನ ಸೂಟ್‌ಕೇಸು ರೆಡಿ ಆಯ್ತಾ?"

"ಯಾವ ಸೂಟ್‌ಕೇಸು?"

"ಕೆಂಪುದು ಸಾರ್. ನಿಮ್ಮ ತಾಯಿಯವರ ಮಂಚದ ಕೆಳಗಿದೆಯಲ್ಲ!"

"ನಮ್ಮಮ್ಮನ ಮಂಚದ ಕೆಳಗೆ ನಿಮ್ಮ ಸೂಟ್‌ಕೇಸು ಯಾಕ್ರೀ ಹೋಯ್ತು?"

"ನಾನೇ ತಳ್ಳಿದೆ ಸಾರ್. ಅಮ್ಮನಿಗೆ ಬಗ್ಗಕ್ಕಾಗಲ್ಲ, ಮಂಡಿ ನೋವು. ನಿಮಗೆ ಗೊತ್ತಿಲ್ವಾ?"

ಅಂಗಡಿಯ ಶಟರು ಎಳೆದು ಮನೆಗೆ ಓಡಿದೆ. ಹೊಸಿಲಿನಲ್ಲಿ ಚಪ್ಪಲಿಗಳ ಜಾತ್ರೆ! ಒಳಗೆ ಸೋಫಾ ತುಂಬ ಜನ, ಅವರ ತೊಡೆಯ ಮೇಲೆ ಹರಿದ ಬ್ಯಾಗು, ಕೈಯಲ್ಲಿ ಟೀ ಲೋಟ. ನನ್ನ ಓದುವ ಕುರ್ಚಿಯಲ್ಲಿ ಯಾರೋ ಹಿರಿಯರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ನಡುವೆ ಅಮ್ಮ! ತಲೆ ಬಾಚಿ, ಒಳ್ಳೆಯ ಸೀರೆಯುಟ್ಟು, ದಬ್ಬಳ ಹಿಡಿದು ಯಾರದೋ ಬ್ಯಾಗಿಗೆ ಹಿಡಿಕೆ ಹೊಲಿಯುತ್ತಾ ಗಲಗಲ ನಗುತ್ತಿದ್ದಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ನನ್ನ ಕಡೆ ತಿರುಗದೆಯೇ "ಬನ್ನಿ, ಬನ್ನಿ, ಜರುಗಿ ಕೂತ್ಕೊಳ್ಳಿ. ಜಿಪ್ಪೋ, ಹಿಡಿಕೆಯೋ?" ಎಂದಳು.

"ಅಮ್ಮಾ! ಇವರೆಲ್ಲ ಅಂಗಡಿಗೆ ಬರಬೇಕಾದವರು! ನನಗೆ ಒಂದು ಮಾತು ಹೇಳಬಾರದಾ?"

"ದಿನಾ ಹೇಳಿದೆನಲ್ಲೋ. ನೀನು ಹ್ಞೂಂ ಅಂದೆ."

ಬೈಯಲು ಬಂದವನು ಸೋಫಾದ ತುದಿಯಲ್ಲಿ ಜರುಗಿ ಕೂತೆ.

ಜನ ಹೋದಮೇಲೆ, ಕೆಲಸದಿಂದ ಬಂದ ಹೆಂಡತಿಗೆ ಎಲ್ಲ ಹೇಳಿ, "ಮ್ಯಾಪು ಎಲ್ಲರಿಗೂ ಮನೆ ದಾರಿ ತೋರಿಸ್ತಿದೆ, ಈಗಲೇ ಸರಿ ಮಾಡ್ತೀನಿ" ಎಂದೆ.

"ಮಾಡ್ಕೊಪ್ಪ, ನಿನ್ನ ಅಂಗಡಿ" ಎಂದು ಅಮ್ಮ ಟೀ ಲೋಟಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಮುಖದ ಮೇಲಿನ ದೀಪ ಯಾರೋ ಆರಿಸಿದ ಹಾಗಿತ್ತು.

ಹೆಂಡತಿ ನನ್ನನ್ನು ಪಕ್ಕಕ್ಕೆಳೆದಳು. "ಗಿರಾಕಿಗಳನ್ನೇನೋ ಅಂಗಡಿಗೆ ಕಳಿಸ್ತೀರಿ. ಅಮ್ಮನ್ನ ಎಲ್ಲಿಗೆ ಕಳಿಸ್ತೀರಿ?"

ಮಾರನೆಯ ಬೆಳಿಗ್ಗೆ ಅಮ್ಮನ ಕೈ ಹಿಡಿದು ಆಟೋ ಹತ್ತಿಸಿದೆ. ಅಂಗಡಿಯ ಮುಂಭಾಗದಲ್ಲಿ ಮೆತ್ತನೆಯ ಕುರ್ಚಿ ಹಾಕಿದೆ, ಕಾಲಿಗೆ ಸ್ಟೂಲು ಇಟ್ಟೆ. ಅಲ್ಲಿ ನಿಂತುಕೊಂಡೇ, ಸುತ್ತ ನಾಲ್ಕು ಸಲ ನೋಡಿ ಖಾತ್ರಿ ಮಾಡಿಕೊಂಡು, ಮ್ಯಾಪು ಸರಿ ಮಾಡಿದೆ.

ಈಗ ಅಂಗಡಿಯ ಬೆಂಚು ಖಾಲಿ ಇರುವುದಿಲ್ಲ. ಬ್ಯಾಗು ಹರಿಯದವರೂ ಬಂದು ಕೂರುತ್ತಾರೆ! ಹರಿಯುವವರೆಗೆ ಕಾಯುವ ತಾಳ್ಮೆ ಅವರಿಗಿಲ್ಲ.

ಮೊನ್ನೆ ಮೊದಲ ಸಲ ಬಂದ ಹೆಂಗಸೊಬ್ಬರು ಬಹಳ ಹೊತ್ತು ನನ್ನನ್ನೇ ನೋಡಿ, ಅಮ್ಮನ ಕಿವಿಯಲ್ಲಿ ನನಗೂ ಕೇಳಿಸುವಷ್ಟು ಮೆಲ್ಲಗೆ ಕೇಳಿದರು:

"ಈ ಕೆಲಸದವನು ತಲೆ ಎತ್ತದೆ ಕೆಲಸ ಮಾಡ್ತಾನಲ್ಲಮ್ಮ! ಸಂಬಳ ಏನು ಕೊಡ್ತೀರಿ?"

ನಾನು ಕತ್ತರಿ ಕೆಳಗಿಟ್ಟು ಎದೆಯುಬ್ಬಿಸಿದೆ. ಈಗ ಅಮ್ಮ 'ಇವನೇ ನನ್ನ ಮಗ, ಅಂಗಡಿಯ ಮಾಲೀಕ' ಎನ್ನುತ್ತಾಳೆ!

ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸಂಬಳ ಏನೂ ಇಲ್ಲಮ್ಮ. ಹುಟ್ಟಿದಾಗಿಂದ ಬರೀ ಊಟ ಹಾಕಿ ಇಟ್ಕೊಂಡಿದ್ದೀನಿ."