ಕೊಳ್ಳದೆ ಬಿಟ್ಟ ಗಿಟಾರುಗಳು

ಬೇರೆಯವರು ಅಂಗಡಿಗೆ ಹೋದರೆ ಸಾಮಾನು ತಗೊಂಡು ಬರುತ್ತಾರೆ. ನಾನು ಹೋದರೆ ಏನಾದರೊಂದು ಆಗುತ್ತದೆ. ಒಂದು ಎಲೆಕ್ಟ್ರಿಕ್ ಗಿಟಾರ್ ಕೊಳ್ಳೋಣ ಅಂತ ಹೊರಟಾಗ ಆದದ್ದನ್ನು ಆಫೀಸಿನಲ್ಲಿ ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೆ ಬರೆದುಬಿಡುತ್ತಿದ್ದೇನೆ.

ನಾನು ಗದಗದವಳು. ಮದುವೆಯಾದ ಮೇಲೆ ಬಿಟಿಎಂನಲ್ಲಿ ಬಾಡಿಗೆ ಮನೆ, ಹಗಲೆಲ್ಲ ಇನ್ಶೂರೆನ್ಸ್ ಆಫೀಸು. ಕಾಲೇಜಿನ ದಿನಗಳಿಂದ ಅಕೌಸ್ಟಿಕ್ ಗಿಟಾರ್ ನುಡಿಸುತ್ತೇನೆ. ಅಂದರೆ ದೊಡ್ಡ ಮರದ ಹೊಟ್ಟೆಯದು, ಕರೆಂಟಿನ ಹಂಗಿಲ್ಲದ್ದು. ಜಯನಗರದ ಒಂದು ಸುಗಮ ಸಂಗೀತ ತಂಡದಲ್ಲಿ ನನಗೊಂದು ಕುರ್ಚಿ ಇತ್ತು. ಒಂದು ದಿನ ತಂಡದ ಯಜಮಾನರು ಫೋನ್ ಮಾಡಿದರು.

"ಮೇಡಂ, ನಮ್ಮ ಎಲೆಕ್ಟ್ರಿಕ್ ಗಿಟಾರ್ ಹುಡುಗ ಪುಣೆಗೆ ಹೋಗಿಬಿಟ್ಟ. ಹುಳಿಮಾವಲ್ಲಿ ಗಣೇಶನ ಪ್ರೋಗ್ರಾಂ ಒಪ್ಕೊಂಡಿದ್ದೀನಿ. ಎಲೆಕ್ಟ್ರಿಕ್ ನೀವೇ ನುಡಿಸ್ಬೇಕು."

"ನನ್ನ ಹತ್ರ ಇಲ್ವಲ್ಲ ಸಾರ್."

"ತಗೊಳಿ. ಎರಡೂ ನುಡಿಸೋರು ಒಬ್ಬರು ಸಿಕ್ಕಿದ್ದಾರೆ, ಬನಶಂಕರಿಯವರು. ನಿಮಗೆ ಕಷ್ಟ ಆದ್ರೆ ಹೇಳಿ, ಬೇಜಾರಿಲ್ಲ."

ಬೇಜಾರಿಲ್ಲದ್ದು ಅವರಿಗೆ. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಬನಶಂಕರಿಯವರು ನನ್ನ ಕುರ್ಚಿಯ ಮೇಲೆ ಕೂತ ಹಾಗೇ ಕಾಣುತ್ತಿತ್ತು.

೧. ಮಗನಿಗಾ ಮೇಡಂ?

ಮೊದಲು ಹೋದದ್ದು ಜಯನಗರದ ಒಂದು ವಾದ್ಯದ ಅಂಗಡಿಗೆ. ಕೌಂಟರಿನ ಹುಡುಗ ನನ್ನ ಹತ್ತಿ ಸೀರೆ ನೋಡಿದ, ಬ್ಯಾಗಿನಿಂದ ಇಣುಕುತ್ತಿದ್ದ ನುಗ್ಗೆಕಾಯಿ ನೋಡಿದ.

"ಮಗನಿಗಾ ಮೇಡಂ?"

"ನನಗೆ."

"ಓ, ಈಗ ಕಲೀಬೇಕು ಅಂತಿದ್ದೀರಾ? ಸೂಪರ್ ಮೇಡಂ. ವಯಸ್ಸಿಗೂ ಕಲಿಯೋದಕ್ಕೂ ಸಂಬಂಧಾನೇ ಇಲ್ಲ."

ನಾನು ನುಡಿಸಲು ಶುರು ಮಾಡಿ ಎಷ್ಟು ಕಾಲವಾಯಿತೋ ಅಷ್ಟು ವಯಸ್ಸು ಆ ಹುಡುಗನಿಗೆ ಇದ್ದಿರಲಾರದು. ಬಾಯಲ್ಲಿ ಹೇಳುವುದೇಕೆ, ಕೈಯಲ್ಲೇ ತೋರಿಸೋಣ ಅಂತ ಸುಮ್ಮನಾದೆ. ಅವನು ಒಂದು ಕೆಂಪು ಗಿಟಾರ್ ಕೊಟ್ಟು, ವೈರು ಚುಚ್ಚಿ, ಪಕ್ಕದಲ್ಲಿ ಸೌಂಡ್ ಬರುವ ಆಂಪ್ ಡಬ್ಬ ಇಟ್ಟ. ಅಷ್ಟರಲ್ಲಿ ಮೂರ್ನಾಲ್ಕು ಕಾಲೇಜು ಹುಡುಗರು ಬಂದು ಗೋಡೆಗೆ ಒರಗಿ ನಿಂತರು. ಆಚೆ ಕಡೆ ಒಬ್ಬರು ಹಿರಿಯರು ಶ್ರುತಿಪೆಟ್ಟಿಗೆಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದ್ದರು.

ತಂತಿ ಮೀಟಿದೆ. ಸದ್ದಿಲ್ಲ. ಗಿಟಾರಿನ ತಿರುಪು ಪೂರ್ತಿ ತಿರುಗಿಸಿದೆ. ಸದ್ದಿಲ್ಲ. ಡಬ್ಬದ ತಿರುಪುಗಳನ್ನೂ ಒಂದೊಂದಾಗಿ ಕೊನೆ ಮುಟ್ಟಿಸಿದೆ. ಸದ್ದಿಲ್ಲ. ಗೋಡೆಗೆ ಒರಗಿದವರಲ್ಲಿ ಒಬ್ಬ ಕೆಮ್ಮಿದ. ನನ್ನ ಕಿವಿ ಬಿಸಿಯಾಯಿತು. ಮರದ ಗಿಟಾರಿಗೆ ಹೊಡೆಯುವ ಹಾಗೆ ಕೈಯೆತ್ತಿ ಬಲವಾಗಿ ಬಾರಿಸಿದೆ. ಅದೇ ಕ್ಷಣಕ್ಕೆ ಕೌಂಟರಿನ ಹುಡುಗ, "ಅಯ್ಯೋ ಸಾರಿ ಮೇಡಂ, ಸ್ವಿಚ್ಚೇ ಹಾಕಿಲ್ಲ" ಅಂತ ಗೋಡೆಯ ಸ್ವಿಚ್ ಒತ್ತಿದ.

ಅಂಗಡಿಯ ಗಾಜುಗಳು ಗಡಗಡ ಅಂದವು. ಹೊರಗೆ ಬೀದಿನಾಯಿಗಳು ಬೊಗಳತೊಡಗಿದವು. ಹಿರಿಯರು ಶ್ರುತಿಪೆಟ್ಟಿಗೆಯನ್ನು ಎದೆಗವಚಿಕೊಂಡು ಎದ್ದು ನಿಂತಿದ್ದರು.

ತಗ್ಗಿಸಿ ಮತ್ತೆ ನುಡಿಸಿದೆ. ಆ ತಂತಿಗಳೋ, ಕೂದಲಿನಷ್ಟು ಸಣ್ಣ. ದಪ್ಪ ತಂತಿ ಒತ್ತಿ ಒತ್ತಿ ಗಟ್ಟಿಯಾದ ನನ್ನ ಬೆರಳು ಬಿದ್ದ ಕಡೆಯೆಲ್ಲ ಸ್ವರ ಇರಬೇಕಾದ್ದಕ್ಕಿಂತ ಮೇಲೆ ಏರಿ ಕಿರುಚಿತು. ಬೆರಳು ಸರಿಸಿದರೂ ಆಂಪಿನಲ್ಲಿ ಇಲಿ ಓಡಿದ ಸದ್ದು. ಇಷ್ಟು ವರ್ಷದ ವಿದ್ಯೆ ಎಲ್ಲಿ ಹೋಯಿತೋ, ನಿನ್ನೆ ಸೇರಿದ ವಿದ್ಯಾರ್ಥಿಯ ಹಾಗೆ ನುಡಿಸಿದೆ.

ಹಿರಿಯರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಧೈರ್ಯಗೆಡಬೇಡಿಯಮ್ಮ. ನಾಳೆ ಎರಡನೇ ಕ್ಲಾಸು ಇದ್ದೇ ಇರುತ್ತಲ್ಲ."

೨. ನಿಂತೇ ಹೋಗೋದು

ಎರಡನೇ ಅಂಗಡಿಗೆ, ಜೆಪಿ ನಗರಕ್ಕೆ, ಗಂಡನನ್ನು ಜೊತೆಗೆ ಕರೆದುಕೊಂಡು ಹೋದೆ. ನನ್ನವರಿಗೆ ಸಂಗೀತ ತಿಳಿಯುವುದಿಲ್ಲ. ಆದರೆ ಅವರ ಪಕ್ಕದಲ್ಲಿದ್ದರೆ ನನ್ನನ್ನು ಯಾರೂ 'ಈಗ ಕಲೀತೀರಾ' ಅನ್ನುವುದಿಲ್ಲ, ಅವರನ್ನು ಅನ್ನುತ್ತಾರೆ.

ಅವರಿಗೆ ಮೆಚ್ಚುಗೆಯಾದದ್ದು ಬಾಣದ ಆಕಾರದ ಒಂದು ಬಿಳಿ ಗಿಟಾರ್. "ಇದ ನೋಡು, ರಾಕೆಟ್ ಇದ್ದಂಗೈತಿ!" ಅಂಗಡಿಯವರು ಎರಡೂ ಕೈಯಲ್ಲಿ ಮಗು ಎತ್ತಿದ ಹಾಗೆ ಇಳಿಸಿ, "ಹುಷಾರು ಮೇಡಂ, ಇದು ಒಂದೇ ಪೀಸ್ ಇರೋದು" ಅಂದರು.

ನಾನು ಅಭ್ಯಾಸಬಲದಿಂದ ಸ್ಟೂಲಿನ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡೆ. ಮರದ ಗಿಟಾರಿಗೆ ಸೊಂಟ ಇರುತ್ತದೆ, ತೊಡೆಯ ಮೇಲೆ ಭದ್ರವಾಗಿ ಕೂರುತ್ತದೆ. ಇದಕ್ಕೆ ಸೊಂಟವೇ ಇಲ್ಲ, ಬರೀ ಎರಡು ಕಾಲು. ಜಾರಿತು. ಮೊಣಕಾಲಿನಲ್ಲಿ ಹಿಡಿದೆ. ಇನ್ನೊಂದು ಕಡೆ ಜಾರಿತು. ಮೊಣಕೈಯಲ್ಲಿ ಹಿಡಿದೆ. ಸ್ಟೂಲೂ ತಿರುಗುವ ಜಾತಿಯದು, ನಾನು ಗಿಟಾರಿನ ಸಮೇತ ನಿಧಾನವಾಗಿ ಗೋಡೆಯ ಕಡೆ ತಿರುಗತೊಡಗಿದೆ. ಅಂಗಡಿಯವರು ಉಸಿರು ಬಿಗಿಹಿಡಿದು, ಎರಡೂ ಕೈ ಚಾಚಿ, ವಿಕೆಟ್ ಕೀಪರ್ ಥರ ನನ್ನ ಸುತ್ತ ಸುತ್ತುತ್ತಿದ್ದರು. ಗೋಡೆಗೆ ಇನ್ನೊಂದು ಗೇಣು ಇದ್ದಾಗ ನನ್ನವರು ಸ್ಟೂಲನ್ನೇ ತಬ್ಬಿ ನಿಲ್ಲಿಸಿದರು.

ಅಂಗಡಿಯವರು ಹಣೆ ಒರೆಸಿಕೊಂಡು, "ಮೇಡಂ, ಇದನ್ನ ನಿಂತ್ಕೊಂಡೇ ನುಡಿಸೋದು. ಕೂರೋಕಾಗಲ್ಲ" ಅಂದರು.

ನನ್ನವರು ರಾಕೆಟ್ಟನ್ನು ವಾಪಸು ಕೊಟ್ಟು ಹೇಳಿದರು: "ಕುಂದ್ರಾಕ ಬರಂಗಿಲ್ಲ, ನಿಂತ ಹೋಗಬೇಕು ಅಂದ್ರ ಇದು ಗಿಟಾರ್ ಅಲ್ರೀ, ಸಂಜಿ ಸಿಲ್ಕ್ ಬೋರ್ಡ್ ಬಸ್ಸು."

೩. ಹಳೇ ವಾತ

ತಂಡದ ಕೀಬೋರ್ಡಿನವರು ನನ್ನ ಪಾಡು ನೋಡಿ ತಮ್ಮ ಅಣ್ಣನ ಹಳೆಯ ಎಲೆಕ್ಟ್ರಿಕ್ ಗಿಟಾರು, ಆಂಪು ಎರಡನ್ನೂ ಕೊಟ್ಟು, "ಮನೇಲಿ ನುಡಿಸಿ ನೋಡಿ, ಹಿಡಿಸಿದ್ರೆ ಇಟ್ಕೊಳಿ" ಅಂದರು.

ನಮ್ಮ ಮನೆ ಓನರ್ ಈ ಕಡೆಯ ಹಳೇ ಊರಿನವರು. ಈಗ ನಮ್ಮ ಅಡುಗೆಮನೆ ಇರುವ ಜಾಗದಲ್ಲೇ ಅವರ ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಮನೆಯನ್ನು ಮುಂದೆ ನಿಂತು ಕಟ್ಟಿಸಿದವರು ಅವರೇ, ಅದರ ಒಂದು ಇಟ್ಟಿಗೆಯ ಬಗ್ಗೆಯೂ ಯಾರೂ ಕೊಂಕು ಆಡುವ ಹಾಗಿಲ್ಲ.

ಆಂಪ್ ಹಾಕಿದ್ದೇ ತಡ, ಮನೆತುಂಬ ಗುಂಯ್ ಅಂತ ಜೇನು ಎದ್ದ ಸದ್ದು. ತಂತಿ ಮುಟ್ಟಿದೆ. ಬೆರಳಿಗೆ ಚುರ್ ಅಂತು. ಇನ್ನೊಮ್ಮೆ ಮುಟ್ಟಿದೆ. ಇನ್ನೊಮ್ಮೆ ಚುರ್. ಗಾಬರಿಯಾಗಿ ನಿಂತಿರುವಾಗ ಬಾಗಿಲು ಬಡಿದರು. ಓನರ್ರು.

"ಏನಮ್ಮ ಅದು ಸದ್ದು, ಮೋಟರ್ ಹಾಕಿದ್ದೀರಾ?"

"ಕರೆಂಟ್ ಗಿಟಾರ್ ಸಾರ್. ಸ್ವಲ್ಪ ಶಾಕ್ ಹೊಡೀತಿದೆ. ನಮ್ಮ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲ ಅನ್ಸುತ್ತೆ."

ಅವರ ಮೀಸೆ ನೆಟ್ಟಗಾಯಿತು. "ನಮ್ಮನೆ ವೈರಿಂಗಾ? ನಾನೇ ಮುಂದೆ ನಿಂತು ಮಾಡ್ಸಿರೋದು. ಶಾಕಂತೆ ಶಾಕು. ಎಲ್ಲಿ, ಇಲ್ಲಿ ಕೊಡಿ."

"ಬೇಡ ಸಾರ್, ಮುಟ್ಟಬೇಡಿ."

"ಕೊಡಿ ಅಂದೆ."

ಚಪ್ಪಲಿ ಹೊರಗೇ ಬಿಟ್ಟು ಬಂದಿದ್ದರು. ಬರಿಗಾಲಲ್ಲಿ ನಿಂತು ಆರೂ ತಂತಿಗಳ ಮೇಲೆ ಅಂಗೈ ಇಟ್ಟರು. ನನ್ನ ಕೈ ಆಗಲೇ ಸ್ವಿಚ್ಚಿನ ಮೇಲಿತ್ತು. ಅವರ ಭುಜ ಒಮ್ಮೆ ಕುಣಿಯಿತು. ನಾನು ಸ್ವಿಚ್ ಆರಿಸುವಷ್ಟರಲ್ಲಿ ಅವರ ಕೈ ತಾನಾಗಿ ಮೇಲೆ ಹಾರಿ ಕ್ಯಾಲೆಂಡರಿಗೆ ಬಡಿದು, ಕ್ಯಾಲೆಂಡರ್ ಕೆಳಗೆ ಬಿತ್ತು. ನನಗಂತೂ ಪ್ರಾಣವೇ ಹೋದ ಹಾಗಾಗಿತ್ತು.

"ಸಾರ್, ಕೂತ್ಕೊಳಿ. ನೀರು ತರ್ಲಾ?"

"ಏನೂ ಆಗಿಲ್ಲ" ಅಂದರು. ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದರು. "ಅದು ವಾತ. ಹಳೇದು. ಮೋಡ ಆದಾಗ ಹಿಂಗೇ ಒದೆಯುತ್ತೆ."

ಹೊರಗೆ ಚುರುಗುಟ್ಟುವ ಬಿಸಿಲಿತ್ತು. ಮರುದಿನ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ಬಾಗಿಲು ತಟ್ಟಿದ: "ಅಕ್ಕ, ಓನರ್ರಿಗೆ ವಾತ ಜಾಸ್ತಿ ಆಗಿದೆಯಂತೆ, ನಿಮ್ಮನೆ ಪ್ಲಗ್ ಬಿಚ್ಚಿ ನೋಡು ಅಂದ್ರು."

ಗಿಟಾರನ್ನು ಅವತ್ತೇ ವಾಪಸು ಕಳಿಸಿದೆ.

೪. ನೋಡ್ಕೊಂಡು ಹೋಗೋಣ ಅಂತ

ಕೊನೆಗೆ ನಾನು ಕೊಂಡ ನೀಲಿ ಗಿಟಾರಿಗೆ ಕಥೆಯೇ ಇಲ್ಲ. ಹೋದೆ, ನುಡಿಸಿದೆ, ತಂದೆ. ಹುಳಿಮಾವಿನ ಗಣೇಶನ ಮುಂದೆ ನುಡಿಸಿಯೂ ಬಂದೆ, ಕುರ್ಚಿ ಉಳಿಯಿತು. ಆದರೆ ಅದಕ್ಕಿಂತ ಹಿಂದಿನ ಭಾನುವಾರ ನಡೆದದ್ದನ್ನು ಹೇಳಲೇಬೇಕು.

ಆನ್‌ಲೈನಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗಿಟಾರಿನ ಫೋಟೋ ಸಿಕ್ಕಿತ್ತು. ಮಾರುವ ಹುಡುಗ ಸುಬ್ರಹ್ಮಣ್ಯಪುರದವನು. "ಭಾನುವಾರ ಮಧ್ಯಾಹ್ನದ ಮೇಲೆ ಬನ್ನಿ ಮೇಡಂ" ಅಂದಿದ್ದ. ಪ್ರೋಗ್ರಾಂ ಹತ್ತಿರ ಬಂದು ನನಗೆ ನಿದ್ದೆಯೇ ಬರುತ್ತಿರಲಿಲ್ಲ, ನನ್ನವರೂ ನಾನೂ ಬೆಳಿಗ್ಗೆಯೇ ಹೊರಟೆವು. ಬಾಗಿಲು ತೆಗೆದವರು ಹುಡುಗನ ತಾಯಿ, ರೇಷ್ಮೆ ಸೀರೆಯಲ್ಲಿ.

"ಬಿಟಿಎಂನಿಂದ ಬಂದಿದ್ದೀವಿ. ನೋಡ್ಕೊಂಡು ಹೋಗೋಣ ಅಂತ."

"ಅಯ್ಯೋ ಬನ್ನಿ ಬನ್ನಿ, ನಿಮಗೇ ಕಾಯ್ತಿದ್ವಿ!"

ಕೂರಿಸಿದರು. ಹುಡುಗನ ತಂದೆ ಬಂದು ಕೈ ಮುಗಿದರು. ಬೋಂಡಾ ಬಂತು, ಕೇಸರಿಬಾತ್ ಬಂತು. ನನ್ನವರು ಕಿವಿಯಲ್ಲಿ, "ಹಳೇ ಸಾಮಾನು ಮಾರಾವ್ರು ಹಿಂಗ ನೋಡ್ಕೊಂಡ್ರ ಹೊಸಾದು ಯಾಕ ತಗೋಬೇಕು?" ಅಂದರು.

ಉಪಚಾರ ಅತಿಯಾದಷ್ಟೂ ನನಗೆ ಅನುಮಾನ. ನೇರವಾಗಿ ಕೇಳಿದೆ. "ಮೊದಲು ಬೇರೆ ಯಾರಾದ್ರೂ ಬಂದು ನೋಡಿದ್ರಾ?"

ತಂದೆಯ ಮುಖ ಸಣ್ಣದಾಯಿತು. "ಇಬ್ಬರು ಬಂದಿದ್ರು. ಫೋನ್ ಮಾಡ್ತೀವಿ ಅಂದವರು ಮಾಡಲೇ ಇಲ್ಲ."

"ಯಾಕೆ, ಏನಾದ್ರೂ ಐಬು?"

"ಛೆ ಛೆ, ಐಬು ಏನೂ ಇಲ್ಲ!" ಅಂದರು ತಾಯಿ.

"ಎಷ್ಟು ವರ್ಷ ಆಯ್ತು?"

"ಮೂವತ್ತೊಂದು ತುಂಬಿತು."

ಕೈಯಲ್ಲಿದ್ದ ಬೋಂಡಾ ಕೆಳಗಿಟ್ಟೆ. "ಮೂವತ್ತೊಂದಾ! ಆನ್‌ಲೈನಲ್ಲಿ ಎರಡು ಅಂತ ಹಾಕಿದ್ರಲ್ಲ?"

ತಂದೆ ಹೆಂಡತಿಯ ಕಡೆ ತಿರುಗಿದರು. "ಏನೇ ಹಾಕಿದ್ದೆ ನೀನು?"

"ಸರಿಯಾಗೇ ಹಾಕಿದ್ದೀನ್ರೀ!"

ಹಳೆಯ ಗಿಟಾರಿನಲ್ಲಿ ಮೊದಲು ನೋಡಬೇಕಾದದ್ದು ಅದರ ಕುತ್ತಿಗೆ. ತಂತಿಯ ಎಳೆತಕ್ಕೆ ಬಾಗಿದ್ದರೆ ಮುಗಿಯಿತು. "ಕುತ್ತಿಗೆ ಸೊಟ್ಟ ಇಲ್ಲ ತಾನೇ?"

ತಾಯಿ ಬೆವರಿದರು. "ಸೊಟ್ಟ ಅಂತೇನಿಲ್ಲ. ಯಾವಾಗ್ಲೂ ಕಂಪ್ಯೂಟರ್ ಮುಂದೇನೇ ಅಲ್ವಾ, ಒಂಚೂರು ಮುಂದಕ್ಕೆ ಬಾಗಿದೆ ಅಷ್ಟೆ."

ವಾತಾವರಣ ಬಿಗಿಯಾದದ್ದು ನನ್ನವರಿಗೂ ತಿಳಿಯಿತು. ಸಮಾಧಾನಕ್ಕೆ, "ನಮಗ ಚಂದಕ್ಕಿಂತ ಬಾಳಿಕಿ ಮುಖ್ಯರೀ" ಅಂದರು.

ನಾನೂ ದನಿ ತಗ್ಗಿಸಿ ಹೇಳಿದೆ: "ಒಂದ್ಸಲ ತೊಡೆ ಮೇಲೆ ಇಟ್ಕೊಂಡು ನೋಡಿದ್ರೆ ನನಗೆ ಗೊತ್ತಾಗಿಬಿಡುತ್ತೆ."

ತಾಯಿಯ ಕೈಯ ತಟ್ಟೆ ವಾಲಿ ಬೋಂಡಾಗಳು ಸೋಫಾದ ಕೆಳಗೆ ಉರುಳಿದವು. ನನ್ನವರು ಬೋಂಡಾ ಹೆಕ್ಕುತ್ತಲೇ ಸೇರಿಸಿದರು: "ಹೌದ್ರೀ, ದಿನಾ ಸಂಜಿ ಅಕಿದು ಅದ ಕೆಲಸ."

ತಂದೆ ಎದ್ದು ನಿಂತರು. "ನೀವು ಹುಡುಗಿಗೆ ಏನಾಗ್ಬೇಕು?"

"ಯಾವ ಹುಡುಗಿ?"

ಅಷ್ಟರಲ್ಲಿ ಹಣ್ಣು ಹೂವು ಹಿಡಿದು ಹುಡುಗ ಒಳಗೆ ಬಂದ. ನಮ್ಮನ್ನು ನೋಡಿದ, ಎದ್ದು ನಿಂತಿದ್ದ ಅಪ್ಪನನ್ನು ನೋಡಿದ. "ಅಮ್ಮಾ, ಇವರು ಗಿಟಾರ್ ನೋಡೋಕೆ ಬಂದವರು!" ಅವನ ಹಿಂದೆಯೇ ಗೇಟಿನಲ್ಲಿ ಕಾರು ನಿಂತಿತು. ಹುಡುಗನನ್ನು ನೋಡಲು ಬಂದ ಹುಡುಗಿ, ಅವಳ ಅಪ್ಪ, ಅಮ್ಮ. ನಾವು ಯಾರೆಂದು ಇವರು ತಿಳಿದಿದ್ದರೋ ಆ ಬಿಟಿಎಂ ಚಿಕ್ಕಪ್ಪ ಚಿಕ್ಕಮ್ಮನೂ ಅವರ ಜೊತೆಯಲ್ಲೇ ಇಳಿದರು.

ಏಳಲು ಹೋದೆ. ತಾಯಿ ಭುಜ ಒತ್ತಿ ಕೂರಿಸಿದರು. "ಈಗ ಎದ್ದು ಹೋದ್ರೆ ಅಪಶಕುನ ಆಗುತ್ತೆ, ಕೂತಿರಿ." ಬಂದವರಿಗೆ ನನ್ನನ್ನು ಪರಿಚಯಿಸಿದರು: "ಇವರು ನಮ್ಮ ಹುಡುಗನ ಗಿಟಾರ್ ಟೀಚರ್."

ಹುಡುಗಿ ಕಣ್ಣರಳಿಸಿ ಹುಡುಗನ ಕಡೆ ತಿರುಗಿದಳು. "ಗಿಟಾರ್ ನುಡಿಸ್ತೀರಾ? ತನ್ನಿ, ಕೇಳೋಣ."

ಹುಡುಗ ಬಿಳಿಚಿಕೊಂಡ. ಗಿಟಾರ್ ತಂದ, ಆಂಪ್ ಹಚ್ಚಿದ, ನನಗೇ ಕೊಟ್ಟ. "ಮೊದಲು ಮೇಡಂ ನುಡಿಸ್ಲಿ." ಕಿವಿಯ ಹತ್ತಿರ ಬಗ್ಗಿ, "ಮೇಡಂ, ತಗೊಂಡಾಗಿಂದ ಒಂದು ದಿನವೂ ಕಲೀಲಿಲ್ಲ, ಕಾಪಾಡಿ" ಅಂದ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂದು ಮನೆಯ ಸಂಬಂಧ ನನ್ನ ತೊಡೆಯ ಮೇಲಿತ್ತು. ಮೆಲ್ಲಗೆ, ಒತ್ತದೆ, ಮುಟ್ಟಿದೆನೋ ಇಲ್ಲವೋ ಅನ್ನುವ ಹಾಗೆ ಮೀಟಿದೆ. ಎಂಥ ದನಿ! ಇಷ್ಟು ದಿನ ಅಲೆದದ್ದಕ್ಕೆ ಇದೇ ನನ್ನ ಗಿಟಾರ್ ಅನ್ನಿಸಿತು. ಕುತ್ತಿಗೆಯೂ ನೆಟ್ಟಗಿತ್ತು. ಮುಗಿಸಿದಾಗ ಹುಡುಗಿ, "ನಾನೊಂದ್ಸಲ?" ಅಂತ ತಗೊಂಡಳು. ಅವಳು ನನಗಿಂತ ಚೆನ್ನಾಗಿ ನುಡಿಸಿದಳು. ಹುಡುಗನ ಸರದಿ ಬರುವ ಮೊದಲೇ ಕಾಫಿ ಬಂತು, ಅವನು ಬಚಾವಾದ.

ಅವರೆಲ್ಲ ಹೊರಟ ಮೇಲೆ ನಾನು ಖುಷಿಯಿಂದ ಬ್ಯಾಗ್ ತೆರೆದೆ. "ಇದನ್ನ ತಗೊಂಡೇ ಹೋಗ್ತೀವಿ."

ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. "ತಪ್ಪು ತಿಳ್ಕೋಬೇಡಿ ಮೇಡಂ, ಇನ್ನು ಇದನ್ನ ಕೊಡೋಕಾಗಲ್ಲ. ಹುಡುಗಿಗೆ ಗಿಟಾರ್ ಪೂರ್ತಿ ಒಪ್ಪಿಗೆ ಆಗಿದೆಯಂತೆ. ಹುಡುಗನ ಬಗ್ಗೆ ಯೋಚನೆ ಮಾಡಿ ಹೇಳ್ತಾಳಂತೆ."